ಸುದ್ದಿಯಿಂದ ದಣಿದ ವಾರಕ್ಕೊಂದು ರವಿವಾರ: ಕಾರವಾರವೋ, ಶಿರಸಿಯೋ, ಅಘನಾಶಿನಿಯ ದಡವೋ?

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಕೆಟ್ಟ ಸುದ್ದಿ ಟಿವಿಯೊಳಗಿನ ಸಂಗತಿಯಾಗಿ ಉಳಿದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತು. ಪಕ್ಕದ ಗಂಗಾವಳಿ ನದಿಯ ತಳ ಸೇರಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ನೀರಿಗೆ ಬಿತ್ತು. ಅಷ್ಟೂ ದಿನ ಇಲ್ಲಿಯ ಮನೆಗಳಲ್ಲಿ ಊಟದ ಹೊತ್ತಿಗೂ ಫೋನ್ ಕೆಳಗಿಟ್ಟವರು ಕಡಿಮೆ. ಈಗಲೂ ಮಳೆಗಾಲದ ರೆಡ್ ಅಲರ್ಟ್, ಬೇಡ್ತಿ–ವರದಾ ನದಿ ಜೋಡಣೆ, ಕೇಣಿ ಬಂದರು ಯೋಜನೆ, ಗಡಿಯ ಗದ್ದಲ, ಕೊಲ್ಲಿ ದೇಶದಲ್ಲಿ ದುಡಿಯುವ ಮಗನ ಚಿಂತೆ, ಹೀಗೆ ಒಂದಲ್ಲ ಒಂದು ಎದೆಯ ಮೇಲೆ ಕೂತೇ ಇರುತ್ತದೆ. ಶನಿವಾರ ರಾತ್ರಿ ಹೊತ್ತಿಗೆ "ನಾಳೆ ಎಲ್ಲಾದರೂ ಹೋಗಿ ಬರೋಣ, ಸಾಕಾಗಿದೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಎಲ್ಲಿಗೆ ಎಂದು ಕೇಳಿದರೆ ಚಂದದ ಜಾಗಗಳ ಪಟ್ಟಿಯೇ ಸಿಗುತ್ತದೆ. ಚಂದಕ್ಕೆ ನಮ್ಮಲ್ಲಿ ಬರವಿಲ್ಲ, ಆದರೆ ಬರೀ ಚಂದ ನೋಡಿ ಹೊರಟರೆ ಮನಸ್ಸು ತಂಗುವುದಿಲ್ಲ. ಕಾಡುತ್ತಿರುವುದು ಭಯವೋ, ಸಿಟ್ಟೋ, ದುಃಖವೋ, ಯಾರದೋ ಕರೆಗಾಗಿ ಕಾಯುವ ಸಂಕಟವೋ ಎಂದು ಮೊದಲು ನೋಡಿಕೊಳ್ಳಿ, ಊರನ್ನು ಆಮೇಲೆ ಆರಿಸಿ. ಹೆದರಿದವರಿಗೆ ಸುತ್ತ ಜನ ಬೇಕು, ದುಃಖದಲ್ಲಿರುವವರಿಗೆ ಅದೇ ಜನ ಭಾರ. ಸಿಟ್ಟಿನಲ್ಲಿರುವವರನ್ನು ಸದ್ದಿಲ್ಲದ ಕಾಡಿಗೆ ಕಳಿಸಿದರೆ ಅವರು ಮರದ ಕೆಳಗೆ ಕೂತೂ ವಾದ ಮಾಡುತ್ತಿರುತ್ತಾರೆ. ಕಾರವಾರ, ಶಿರಸಿ, ನಡುವಿನ ಕರಾವಳಿ ಮೂರನ್ನೂ ಈ ಲೆಕ್ಕದಲ್ಲೇ ಇಲ್ಲಿ ತೂಗಿ ನೋಡಿದ್ದೇನೆ.

ಭಯ ಹಿಡಿದಿದ್ದರೆ ಕಾರವಾರ ಪೇಟೆ

ಗಾಬರಿಯ ಸುದ್ದಿ ಕೇಳಿದ ಮೈ ಒಂದೆಡೆ ಕೂರುವುದಿಲ್ಲ. ಅದಕ್ಕೆ ನಡಿಗೆ ಬೇಕು, ಕೈಗೊಂದು ಕೆಲಸ ಬೇಕು. ಈ ವಿಷಯದಲ್ಲಿ ಕಾರವಾರಕ್ಕೆ ಇರುವ ದೊಡ್ಡ ಅನುಕೂಲವೆಂದರೆ ಇಲ್ಲಿಯ ಸಂತೆ ರವಿವಾರವೇ ಕೂಡುತ್ತದೆ. ಶಿರಸಿಯ ಸಂತೆ ಮಂಗಳವಾರ, ನೌಕರಿ ಮಾಡುವವರಿಗೆ ಅದು ಸಿಗುವುದಿಲ್ಲ.

ಬೆಳಿಗ್ಗೆ ಎಂಟರೊಳಗೆ ಕೈಚೀಲ ಹಿಡಿದು ಹೋಗಿ. ಘಟ್ಟದ ಮೇಲಿನಿಂದ ಬಂದ ಬದನೆ, ಮೆಣಸು, ಈರುಳ್ಳಿಯ ರಾಶಿ ಒಂದು ಕಡೆ. ಅಂಕೋಲಾ ಕಡೆಯ ಹರಿವೆ, ಬಸಳೆ, ಮೂಲಂಗಿಯ ಕಟ್ಟುಗಳು ಇನ್ನೊಂದು ಕಡೆ. ಕೊರಳು ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಸೊಪ್ಪಿನ ಮುಂದೆ ಕೂತಿರುತ್ತಾರೆ. ಒಣಮೀನಿನ ವಾಸನೆ, ಕೊಂಕಣಿ–ಕನ್ನಡ ಎರಡರಲ್ಲೂ ನಡೆಯುವ ಚೌಕಾಸಿ. ಮೀನು ಪೇಟೆಗೆ ಹೋದರೆ ಅಲ್ಲಿ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಬಂಗಡೆ ಹಳೆಯದಿರಬಹುದೆಂದು ನೀವು ಅನುಮಾನಿಸಿದ ಕೂಡಲೇ ಮೀನು ಮಾರುವಾಕೆ ಹೆಬ್ಬೆರಳಿನಿಂದ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸುತ್ತಾಳೆ, ಆಮೇಲೆ ಹೊಟ್ಟೆ ಒತ್ತಿ ಗಟ್ಟಿಯಿದೆ ಎಂದು ನಿಮ್ಮ ಬೆರಳನ್ನೇ ಅದರ ಮೇಲೆ ಇಡಿಸುತ್ತಾಳೆ. ಬೆರಳ ತುದಿಗೆ ಆ ತಣ್ಣನೆಯ ಜಾರು ತಾಗುವ ಹೊತ್ತಿಗೆ ತಲೆಯಲ್ಲಿ ತಿರುಗುತ್ತಿದ್ದ ಬ್ರೇಕಿಂಗ್ ನ್ಯೂಸ್ ಅಷ್ಟು ಮಟ್ಟಿಗೆ ನಿಂತಿರುತ್ತದೆ. ಭಯ ಇನ್ನೂ ನಡೆಯದ ಸಂಗತಿಗಳ ಸುತ್ತ ಸುತ್ತುತ್ತದೆ. ಸಂತೆಯಲ್ಲಿ ಇರುವುದೆಲ್ಲ ಈಗಿನದು, ಕೈಗೆ ಸಿಗುವಂಥದ್ದು, ಬೆಲೆ ಕೇಳಿ ತರಬಹುದಾದ್ದು. ನನಗೆ ತಿಳಿದ ಮಟ್ಟಿಗೆ ಗಾಬರಿಯ ವಾರಕ್ಕೆ ಇದಕ್ಕಿಂತ ಒಳ್ಳೆಯ ಬೆಳಗು ಈ ಜಿಲ್ಲೆಯಲ್ಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಮೀನು ಪೇಟೆ ಸೊರಗುತ್ತದೆ. ಹೊಳೆಮೀನು, ಸಿಗಡಿ, ಚಿಪ್ಪಿಕಲ್ಲು, ಒಣಮೀನಿನಲ್ಲೇ ಸುಧಾರಿಸಬೇಕು. ಮೇ ತಿಂಗಳಾದರೆ ಮೀನಿನಷ್ಟೇ ಮುಖ್ಯ ಕರಿ ಈಶಾಡು ಮಾವು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲೆಯ ಈ ಹಣ್ಣಿನ ಸಿಪ್ಪೆ ತೆಳು, ಬೇಗ ಕೆಡುತ್ತದೆ, ಆದ್ದರಿಂದ ದೂರದ ಪೇಟೆಗಳಿಗೆ ಹೋಗುವುದು ಕಡಿಮೆ. ಇಲ್ಲಿರುವವರೇ ತಿನ್ನಬೇಕು, ಅಂದೇ ತಿನ್ನಬೇಕು.

ಮಧ್ಯಾಹ್ನ ಸಾರು ಮಾಡಿ ಉಂಡು ಮಲಗಿ. ಇದಕ್ಕೆ ವಿವರಣೆ ಬೇಡ.

ಸಂಜೆಗೆ ಠಾಗೋರ್ ಕಡಲತೀರ. 1883ರಲ್ಲಿ 22 ವರ್ಷದ ರವೀಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ಏರಿ ಹೋಗಿ, ಹಿಂದಿರುಗುವಾಗ ಮರಳಿನ ಮೇಲೆ ನಡೆದು ಬಂದರು. ನಾಟಕವೊಂದನ್ನು ಬರೆದದ್ದೂ ಇಲ್ಲಿಯೇ. ಅವರು ನಡೆದ ಮರಳು ಈಗಲೂ ನಡಿಗೆಗೆ ಒಳ್ಳೆಯದು. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ ಪಾದ ಹೂಳುವುದಿಲ್ಲ, ಹಾಗಾಗಿ ಉತ್ತರಕ್ಕೆ ಕೋಡಿಬಾಗದ ಕಡೆ, ಕಾಳಿ ಸಮುದ್ರ ಸೇರುವಲ್ಲಿಯವರೆಗೆ ಸರಾಗವಾಗಿ ಸಾಗಬಹುದು. ಎದುರಿನ ದ್ವೀಪಗಳಿಂದಾಗಿ ಇಲ್ಲಿಯ ಅಲೆ ಅಬ್ಬರದ್ದಲ್ಲ, ಆದರೂ ನೀರಿಗಿಳಿಯುವುದು ಬೇರೆ ಮಾತು, ಜೀವರಕ್ಷಕರ ಬಾವುಟ ನೋಡಿಯೇ ಇಳಿಯಿರಿ. ಸೂರ್ಯ ಮುಳುಗುವುದು ಡಿಸೆಂಬರಿನಲ್ಲಿ ಆರರ ಆಸುಪಾಸು, ಜೂನಿನಲ್ಲಿ ಏಳರ ಹೊತ್ತಿಗೆ. ಒಂದು ತಾಸು ಮುಂಚೆ ಹೋದರೆ ನಡಿಗೆಯೂ ಆಗುತ್ತದೆ, ಭಜಿಯೂ ಆಗುತ್ತದೆ.

ಒಂದು ಮಾತು ಮಾತ್ರ ಗಮನಿಸಿ. ಕಾಡುತ್ತಿರುವುದು ಯುದ್ಧದ ಸುದ್ದಿಯಾದರೆ ಈ ತೀರದ ಒಂದು ಭಾಗ ಸಹಾಯ ಮಾಡುವುದಿಲ್ಲ. ಈಗ ವಸ್ತುಸಂಗ್ರಹಾಲಯವಾಗಿರುವ ಚಾಪಲ್ ಯುದ್ಧನೌಕೆ, ಅದರ ಪಕ್ಕದ ಟುಪೊಲೆವ್ ವಿಮಾನ ಎರಡೂ ಮಕ್ಕಳಿಗೆ ಖುಷಿ, ಇತಿಹಾಸದ ಆಸಕ್ತಿಯಿದ್ದವರಿಗೆ ಅಮೂಲ್ಯ. ಆದರೆ ಸೈನ್ಯದಲ್ಲಿ ಮಗನಿರುವ ತಾಯಿಯನ್ನು ಅಂಥ ವಾರದಲ್ಲಿ ಕ್ಷಿಪಣಿ ನೌಕೆಯ ಡೆಕ್ ಮೇಲೆ ನಿಲ್ಲಿಸಬೇಡಿ. ಕಾರವಾರ ನೌಕಾನೆಲೆಯ ಊರು. 2025ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಅಣಕು ಕಾರ್ಯಾಚರಣೆಗೆ ಆಯ್ಕೆಯಾದ ಊರುಗಳಲ್ಲಿ ಇದೂ ಒಂದು. ಅಂಥ ದಿನಗಳಲ್ಲಿ ಪೇಟೆಯ ಮಾತೆಲ್ಲ ಅದರದ್ದೇ ಆಗಿರುತ್ತದೆ. ಆಗ ಕಾಳಿ ದಾಟಿ ಸದಾಶಿವಗಡದ ಗುಡ್ಡ ಹತ್ತಿ. ಮೇಲೆ ದುರ್ಗೆಯ ಗುಡಿ, ಹತ್ತಿರದಲ್ಲೇ ದರ್ಗಾ, ಕೆಳಗೆ ನದಿ ಸಮುದ್ರಕ್ಕೆ ಬೀಳುವುದು ಪೂರ್ತಿ ಕಾಣುತ್ತದೆ. ಇನ್ನೂ ಮುಂದೆ ಹೋಗುವವರಿಗೆ ಗೋವಾ ಗಡಿಗೆ ತಾಗಿದ ಮಾಜಾಳಿ ಇದೆ. ಅಲ್ಲಿಂದ ಬಂಡೆ ಹತ್ತಿಳಿದು ತೀಳಮಾತಿ ಎಂಬ ಪುಟ್ಟ ತೀರಕ್ಕೆ ನಡೆದು ಹೋಗಬಹುದು. ಅಲ್ಲಿಯ ಮರಳು ಎಳ್ಳಿನ ಹಾಗೆ ಕಪ್ಪು, ಹರಳು ಹರಳು. ಇಳಿತ ನೋಡಿಕೊಂಡು ಹೋಗಿ, ಬೆಳಕಿರುವಾಗಲೇ ಮರಳಿ.

ಸಿಟ್ಟು ಬಂದಿದ್ದರೆ ಶಿರಸಿ, ಆದರೆ ಎಲ್ಲಿ ಕೂರುತ್ತೀರಿ ಎಂಬುದು ಮುಖ್ಯ

ಕೆಲವು ಸುದ್ದಿ ಹೆದರಿಸುವುದಿಲ್ಲ, ಕುದಿಸುತ್ತದೆ. ಯೋಜನೆ, ಸರ್ಕಾರ, ಚುನಾವಣೆ, ಜಾತಿ, ಧರ್ಮ, ಯಾರೋ ಆಡಿದ ಮಾತು. ಇಂಥ ವಾರ ಕಳೆದವರಿಗೆ ನಡಿಗೆ ಸಾಲದು, ಏಕೆಂದರೆ ನಡೆಯುವಾಗಲೂ ಒಳಗೆ ಉತ್ತರ ಕೊಡುತ್ತಲೇ ಇರುತ್ತಾರೆ. ಅವರಿಗೆ ಕಿವಿ ತುಂಬ ಬೇರೆ ಮಾತು ಬೇಕು. ಅದಕ್ಕೆ ಶಿರಸಿ.

ಹಾಗೆಂದು ಶಿರಸಿ ಪೇಟೆಯ ಹೋಟೆಲಿನಲ್ಲಿ ಮಿಸಳ್ ಬಾಜಿ ಮುಂದಿಟ್ಟು ಕೂತರೆ ಕೆಲಸ ಕೆಟ್ಟಂತೆ. ಬೇಡ್ತಿ–ವರದಾ, ಅಘನಾಶಿನಿ–ವರದಾ, ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ, ಅಡಕೆಯ ಕೊಳೆ, ಎಲೆಚುಕ್ಕೆ ರೋಗ, ಆಮದು ಅಡಕೆ: ಪಕ್ಕದ ಟೇಬಲ್ಲಿನಲ್ಲಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಆ ಮಾತುಗಳು ಬೇಕಾದವೇ; ಈ ಊರಿನವರು ತಮ್ಮ ಹೊಳೆಗಳ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದರೆ ಇಷ್ಟು ಕಾಡೂ ಉಳಿಯುತ್ತಿರಲಿಲ್ಲ. ಆದರೆ ಅದನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಬಾಜಿ ತಿಂದು ಎದ್ದುಬಿಡಿ.

ಎದ್ದು ಎಲ್ಲಿಗೆ? ತಾಳಮದ್ದಲೆ ಇದ್ದರೆ ಅಲ್ಲಿಗೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ಘಟ್ಟದ ಮೇಲಿನ ಹಳ್ಳಿಗಳಲ್ಲಿ, ಮಠ–ದೇವಸ್ಥಾನಗಳ ಸಭಾಭವನಗಳಲ್ಲಿ, ಕೆಲವೊಮ್ಮೆ ಮನೆಯ ಜಗಲಿಯಲ್ಲೇ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಲೆ ನುಡಿಯುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ಎದುರು ನಿಂತ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಆ ಸಿಟ್ಟು ಅರ್ಧ ತಾಸು ಹರಿಯಬಹುದು. ರಾಮನಾದವನು ಅಷ್ಟು ಹೊತ್ತೂ ನಡುವೆ ಬಾಯಿ ಹಾಕದೆ ಕೇಳಿ, ಒಂದೊಂದೇ ಪ್ರಶ್ನೆ ಎತ್ತಿಕೊಂಡು ಉತ್ತರಿಸಬೇಕು. ವಾರವಿಡೀ ಎಂಟು ಜನ ಒಟ್ಟಿಗೆ ಕೂಗುವ ಚರ್ಚೆಗಳನ್ನು ನೋಡಿದ ಕಿವಿಗೆ, ಒಬ್ಬನ ಸಿಟ್ಟು ಪೂರ್ತಿ ಹೇಳಿ ಮುಗಿಯುವವರೆಗೆ ಇನ್ನೊಬ್ಬ ಕಾಯುವುದನ್ನು ಕೇಳುವುದೇ ದೊಡ್ಡ ಉಪಶಮನ. ಎರಡೂ ಕಡೆಯವರು ಸರಿ ಅನ್ನಿಸುವ ಸ್ಥಿತಿಯಲ್ಲಿ ಎದ್ದು ಬರುತ್ತೀರಿ. ಎಲ್ಲಿ ಯಾವ ಪ್ರಸಂಗ ಎಂಬುದು ಸ್ಥಳೀಯ ಪತ್ರಿಕೆಯ "ಇಂದಿನ ಕಾರ್ಯಕ್ರಮ"ದಲ್ಲೋ ಊರಿನವರ ವಾಟ್ಸ್ಆ್ಯಪ್ ಗುಂಪಿನಲ್ಲೋ ಸಿಗುತ್ತದೆ. ಮಕ್ಕಳು ಇಡೀ ಹೊತ್ತು ಕೂರಲಾರರು. ಅವರನ್ನು ಕರೆದುಕೊಂಡು ಹೋಗುವುದಾದರೆ ಮಾರಿಕಾಂಬಾ ದೇವಸ್ಥಾನ, ಸಹಸ್ರಲಿಂಗದ ಕಡೆಗೇ ಹೋಗಿ.

ಡಿಸೆಂಬರಿನಿಂದ ಮಾರ್ಚ್‌ವರೆಗಾದರೆ ಆಲೆಮನೆ. ಪರಿಚಯದವರ ತೋಟದಲ್ಲಿ ಆಲೆ ಕಟ್ಟಿದ್ದಾರೆಂದು ಗೊತ್ತಾದರೆ ಹೇಳಿಸಿಕೊಳ್ಳದೆಯೇ ಹೋಗಬಹುದು, ಶಿರಸಿ–ಸಿದ್ದಾಪುರದ ಕಡೆ ಅದು ರೂಢಿ. ಕಬ್ಬಿನ ಹಾಲು ಬಗ್ಗಿಸಿದಷ್ಟೂ ಕುಡಿಯಬೇಕು, ನಡುವೆ ಖಾರಕ್ಕೆ ಮಂಡಕ್ಕಿ, ಮಿರ್ಚಿ ಭಜಿ. ಕೊಪ್ಪರಿಗೆಯಲ್ಲಿ ಹಾಲು ಕುದಿದು ನೊರೆ ಏರಿ ಬೆಲ್ಲವಾಗುವವರೆಗೆ ಒಲೆಯ ಮುಂದೆ ಕೂರುವ ಹೊತ್ತಿನಲ್ಲಿ ಮಾತು ಊರಿನ ಮದುವೆ, ಹಸು, ಮಳೆಯ ಕಡೆಗೇ ಹೋಗುತ್ತದೆ.

ಅದೇ ಹಾಲಿನಿಂದ ತೊಡೆದೇವು ಮಾಡುವ ಮನೆ ಸಿಕ್ಕರೆ ಕೂತು ನೋಡಿ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ ಕಾಯಿಸಿರುತ್ತಾರೆ. ಕೋಲಿಗೆ ಬಟ್ಟೆ ಸುತ್ತಿ, ಅಕ್ಕಿ ಮತ್ತು ಕಬ್ಬಿನ ಹಾಲಿನ ತೆಳು ಹಿಟ್ಟಿನಲ್ಲಿ ಅದ್ದಿ, ಮಡಕೆಯ ಬೆನ್ನಿನ ಮೇಲೆ ಒಂದೇ ಎಳೆತದಲ್ಲಿ ತೊಡೆಯುತ್ತಾರೆ. ಕ್ಷಣದಲ್ಲಿ ಅಂಚು ಬಿಡುತ್ತದೆ. ಬಿಸಿಯಿರುವಾಗಲೇ ತುಪ್ಪ ಸವರಿ ಮಡಚಬೇಕು. ಇನ್ನೊಂದು ಉಸಿರಿನಷ್ಟು ತಡವಾದರೂ ಗರಿಯಾಗಿ ಮುರಿಯುತ್ತದೆ. ಕೋಲು ಕೈಗೆ ಕೊಟ್ಟರೆ ಬೇಡ ಎನ್ನಬೇಡಿ. ಅಷ್ಟು ಗಮನ ಬೇಡುವ ಕೆಲಸದಲ್ಲಿ ಸಿಟ್ಟಿಗೆ ಜಾಗ ಉಳಿಯುವುದಿಲ್ಲ.

ಶಿರಸಿಗೆ ಹೋಗಬಾರದ ರವಿವಾರವೂ ಇದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ರವಿವಾರ ಊರಿಗೆ ಕಾಲಿಡಲು ಜಾಗವಿರುವುದಿಲ್ಲ. ಜಾತ್ರೆಗೆಂದೇ ಹೋಗಿ, ವಿಶ್ರಾಂತಿಗೆಂದು ಬೇಡ. ಜಾತ್ರೆ ಇಲ್ಲದ ವರ್ಷದ ಹೋಳಿಯಲ್ಲಿ ಬೇಡರ ವೇಷದ ಕುಣಿತ ಬರುತ್ತದೆ. ಆ ರಾತ್ರಿಯ ತಮಟೆಯ ಸದ್ದು ಕೆಲವರಿಗೆ ಒಳಗಿನ ಬಿಗಿ ಬಿಚ್ಚಿಕೊಡುತ್ತದೆ, ಕೆಲವರಿಗೆ ಇನ್ನಷ್ಟು ಕಟ್ಟುತ್ತದೆ. ನಿಮ್ಮದು ಯಾವುದೆಂದು ನಿಮಗೇ ಗೊತ್ತಿರುತ್ತದೆ.

ದುಃಖವಾದರೆ: ಬನವಾಸಿಯ ಕಲ್ಲೋ, ಅಘನಾಶಿನಿಯ ನೀರೋ

ಅಪಘಾತ, ಗುಡ್ಡಕುಸಿತ, ಪರಿಚಿತರೊಬ್ಬರ ಸಾವು, ಯಾವುದೋ ಊರಿನ ಮಗುವಿನ ಫೋಟೊ. ಇಂಥದ್ದನ್ನು ಮರೆಸುವ ಜಾಗ ಹುಡುಕುವುದು ನನಗೆ ಸರಿ ಕಾಣುವುದಿಲ್ಲ. ಸುಮ್ಮನೆ ಇರಲು ಬಿಡುವ ಜಾಗ ಸಿಕ್ಕರೆ ಸಾಕು. ನಮ್ಮಲ್ಲಿ ಅಂಥ ಎರಡು ಬಗೆಯ ಜಾಗಗಳಿವೆ.

ಒಂದು ಬನವಾಸಿ, ಶಿರಸಿಯಿಂದ 25 ಕಿಲೋಮೀಟರಿನೊಳಗೆ. ಮೂರು ಕಡೆ ವರದಾ ಸುತ್ತಿಕೊಂಡ ಕದಂಬರ ಊರು. ಮಧುಕೇಶ್ವರನ ದರ್ಶನ ಮುಗಿಸಿ ಹೊರಪ್ರಾಕಾರಕ್ಕೆ ಬನ್ನಿ. ಅಲ್ಲಿ ಅಷ್ಟದಿಕ್ಪಾಲಕರ ಶಿಲೆಗಳು ಆಯಾ ದಿಕ್ಕಿನಲ್ಲಿ ಇವೆ. ಒಂದೊಂದನ್ನೂ ನಿಂತು ನೋಡುತ್ತ ಒಂದು ಸುತ್ತು ಬರಬಹುದು. ಯಾರೊಡನೆಯೂ ಮಾತಾಡಬೇಕಿಲ್ಲ, ಆದರೆ ಮಾಡಲು ಏನೋ ಇದೆ. ದುಃಖದ ದಿನ ಅಷ್ಟೇ ಬೇಕಾಗಿರುತ್ತದೆ. ಒಳಗೆ ಸೋಂದೆಯ ಅರಸರ ಕಾಲದ ಕಲ್ಲುಮಂಚವಿದೆ. ಅದರ ಕೆತ್ತನೆಯ ಮೇಲೆ ಕಣ್ಣು ಹಾಯಿಸುತ್ತ ಬಹಳ ಹೊತ್ತು ಕಳೆಯಬಹುದು. ಸೋಂದಾ ಕೂಡ ಈ ಬಗೆಯದೇ. ವಾದಿರಾಜ ಮಠದ ಧವಳಗಂಗೆಯ ಕಟ್ಟೆ ಮಧ್ಯಾಹ್ನದ ಪ್ರಸಾದದ ನಂತರ ಖಾಲಿಯಾಗುತ್ತದೆ. ಹತ್ತಿರದ ಸಹಸ್ರಲಿಂಗಕ್ಕೆ ಮಾತ್ರ ರವಿವಾರ ಜನ ಹೆಚ್ಚು. ಶಾಲ್ಮಲೆಯಲ್ಲಿ ನೀರಿಳಿದು ಲಿಂಗಗಳು ಕಾಣುವ ಚಳಿಗಾಲದಲ್ಲಂತೂ ಮೌನ ಸಿಗಲಿಕ್ಕಿಲ್ಲ.

ಇನ್ನೊಂದು ಅಘನಾಶಿನಿಯ ಅಳಿವೆ. ಶಿರಸಿಯ ಶಂಕರಹೊಂಡದ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ತದಡಿಯ ಹತ್ತಿರ ಸಮುದ್ರ ಸೇರುವ ಹೊಳೆ ಇದು. 2024ರ ಜನವರಿಯಲ್ಲಿ ಅಳಿವೆಗೆ, ಜಗತ್ತಿನ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮನ್ನಣೆ ಬಂತು. ತದಡಿ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತವರ ಜೊತೆ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ಹೋಗಿ. ಇಳಿತದ ಹೊತ್ತಿಗೆ ಹೋದರೆ ಸೊಂಟದ ಮಟ್ಟದ ನೀರಿನಲ್ಲಿ ಗಂಡಸರು, ಹೆಂಗಸರು ಬೆಳಚು ತೆಗೆಯುವುದು ಕಾಣುತ್ತದೆ. ಕಾಲ ಬೆರಳಲ್ಲಿ ತಡವುತ್ತಾರೆ, ಮುಳುಗುತ್ತಾರೆ, ಮುಷ್ಟಿ ತುಂಬ ಚಿಪ್ಪು ಹಿಡಿದು ಮೇಲೇಳುತ್ತಾರೆ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಉಬ್ಬರ ಏರಿದ ಕೂಡಲೇ ಎಲ್ಲ ದಡಕ್ಕೆ. ಆಚೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಉಪ್ಪುನೀರಿನಲ್ಲೇ ಕಗ್ಗ ಭತ್ತ ಬೆಳೆಯುವ ಗಜನಿಗಳು. ಉಬ್ಬರ–ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಹಿಂದಿನ ರವಿವಾರದ ವೇಳೆ ಈ ರವಿವಾರಕ್ಕೆ ಬರುವುದಿಲ್ಲ. ಮೀನುಗಾರರೊಬ್ಬರಿಗೆ ಫೋನ್ ಮಾಡಿ ಕೇಳುವುದೇ ಸುಲಭ.

ಎರಡರಲ್ಲಿ ಯಾವುದು? ಒಬ್ಬರೇ ಹೋಗುವುದಾದರೆ ಬನವಾಸಿ ಎನ್ನುತ್ತೇನೆ, ಇಬ್ಬರಿದ್ದರೆ ಅಘನಾಶಿನಿ. ನೀರಿನಲ್ಲಿ ಆದ ಸಾವಿನ ದುಃಖವಾದರೆ ಹೊಳೆಯ ಕಡೆ ಸದ್ಯಕ್ಕೆ ಹೋಗಲೇಬೇಡಿ, ಅದು ಎಷ್ಟು ಚಂದವಿದ್ದರೂ.

ಕರೆಗಾಗಿ ಕಾಯುತ್ತಿದ್ದರೆ ನೆಟ್‌ವರ್ಕ್ ಬಿಟ್ಟು ಹೋಗಬೇಡಿ

"ಫೋನ್ ಸಿಗದ ಕಡೆ ಹೋಗಿ, ಎಲ್ಲ ಸರಿಯಾಗುತ್ತದೆ" ಎನ್ನುವ ಸಲಹೆ ನಮ್ಮ ಜಿಲ್ಲೆಯಲ್ಲಿ ಪಾಲಿಸುವುದು ಬಹಳ ಸುಲಭ, ಘಟ್ಟದ ಒಳಗೆ ಸಿಗ್ನಲ್ ಇಲ್ಲದ ಊರುಗಳು ಬೇಕಾದಷ್ಟಿವೆ. ಆದರೆ ಆಸ್ಪತ್ರೆಯಲ್ಲಿ ಯಾರಾದರೂ ಇದ್ದಾಗ, ಯುದ್ಧ ನಡೆಯುತ್ತಿರುವ ಕಡೆ ಮನೆಯವರು ಸಿಲುಕಿದಾಗ, ದೋಣಿ ಇನ್ನೂ ದಡ ಮುಟ್ಟದಿದ್ದಾಗ ಈ ಸಲಹೆ ಕ್ರೂರವಾಗುತ್ತದೆ. ಕಾಡಿನ ನಡುವೆ ಒಂದೊಂದು ತಿರುವಿನಲ್ಲೂ ಫೋನ್ ಎತ್ತಿ ಹಿಡಿದು ಗೀಟು ನೋಡುವ ಸಂಕಟ ಮನೆಯ ಸಂಕಟಕ್ಕಿಂತ ಕೆಟ್ಟದ್ದು. ಇಂಥವರು ಕಾರವಾರ, ಕುಮಟಾ, ಹೊನ್ನಾವರದಂಥ ಪೇಟೆಯಲ್ಲೇ ಇರಿ. ಕರೆಯ ರಿಂಗ್ ಮಾತ್ರ ಇಟ್ಟುಕೊಂಡು ಡೇಟಾ ಆಫ್ ಮಾಡಿ. ಸುದ್ದಿ ನೋಡುವ ಕೆಲಸ ಮನೆಯಲ್ಲಿ ಗಟ್ಟಿ ಮನಸ್ಸಿನ ಒಬ್ಬರಿಗೆ ಒಪ್ಪಿಸಿ, ತಿಳಿಸಲೇಬೇಕಾದ್ದಿದ್ದರೆ ಅವರೇ ತಿಳಿಸಲಿ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ನಡಿಗೆಯ ಮರದ ಹಾದಿ ಇಂಥ ಸಂಜೆಗೆ ತಕ್ಕದ್ದು: ಪೇಟೆ ಹತ್ತಿರ, ನೆರಳಿದೆ, ಕರೆ ಬಂದರೆ ಹತ್ತು ನಿಮಿಷದಲ್ಲಿ ಹೆದ್ದಾರಿಗೆ ಬರಬಹುದು. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕ ಕಾಸರಕೋಡ ತೀರವೂ ಪಕ್ಕದಲ್ಲೇ.

ಹೆಸರು ದೊಡ್ಡದಿರುವ ಜಾಗಗಳು

ಗೋಕರ್ಣ, ಮುರ್ಡೇಶ್ವರ, ಯಾಣ ಮೂರೂ ವಾರದ ದಿನಗಳಿಗೆ ಒಳ್ಳೆಯವು. ರವಿವಾರ ಹುಬ್ಬಳ್ಳಿ, ಬೆಂಗಳೂರಿನ ಗಾಡಿಗಳು ತುಂಬಿ ಪಾರ್ಕಿಂಗ್‌ಗೇ ಅರ್ಧ ಸಮಾಧಾನ ಹೋಗುತ್ತದೆ. ಗೋಕರ್ಣಕ್ಕೆ ಹೋಗಲೇಬೇಕಿದ್ದರೆ ಬೆಳಿಗ್ಗೆ ಬೇಗ ದೇವರ ದರ್ಶನ ಮುಗಿಸಿ ತದಡಿ ಕಡೆ ಹೊರಟುಬಿಡಿ. ಮಿರ್ಜಾನ ಕೋಟೆಗೆ ಇಷ್ಟು ಕಾಟವಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಹೊತ್ತ ಆ ಚಿರೇಕಲ್ಲಿನ ಗೋಡೆಗಳ ಮೇಲೆ ಮಳೆ ನಿಂತ ಹೊಸದರಲ್ಲಿ ಹಸಿರು ಹಬ್ಬಿರುತ್ತದೆ, ಮಕ್ಕಳು ಓಡಲು ಬೇಕಾದಷ್ಟು ಜಾಗವಿದೆ.

ಹೋಗುವ ದಾರಿಯೂ ಲೆಕ್ಕಕ್ಕೆ ಬರುತ್ತದೆ

ಕಾರವಾರದಿಂದ ಕುಮಟಾ ಕಡೆ ಹೆದ್ದಾರಿಯಲ್ಲಿ ಹೋದರೆ ಶಿರೂರಿನ ಆ ಗುಡ್ಡದ ಬುಡದಲ್ಲೇ ಹಾಯಬೇಕು. ಮಳೆಗಾಲದಲ್ಲಿ ಅಲ್ಲಿ ಈಗಲೂ ಗಾಡಿಯೊಳಗೆ ಮಾತು ನಿಲ್ಲುತ್ತದೆ. ಅದು ತಡೆಯಲಾರದವರಿಗೆ ರೈಲು ಇದೆ. ಕಾರವಾರ ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿ, ಆಟೊ ಹಿಡಿಯಬೇಕು. ಅಷ್ಟು ಮಾಡಿದರೆ ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರದವರೆಗೆ ಸುರಂಗ, ಗದ್ದೆ, ಹೊಳೆಗಳ ನಡುವೆ ಕಿಟಕಿ ಪಕ್ಕ ಕೂತು ಹೋಗಬಹುದು. ಸುದ್ದಿಯಿಂದ ಬಳಲಿದವರಿಗೆ ಸ್ಟಿಯರಿಂಗ್ ಕೈಯಲ್ಲಿ ಇಲ್ಲದಿರುವುದೇ ಒಂದು ಸೌಖ್ಯ. ಮಾರ್ಚ್‌ನಿಂದ ಮೇವರೆಗೆ ರಸ್ತೆಯಲ್ಲೇ ಹೋಗುವವರಿಗೆ ಕುಮಟಾ ಸಮೀಪ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತದೆ. ಹಸಿಯಾಗಿ ತಿನ್ನಲು ಅದಕ್ಕೆ ಸಮನಾದ್ದಿಲ್ಲ, ಒಂದು ಗೊಂಚಲು ಕಟ್ಟಿಸಿಕೊಳ್ಳಿ.

ಶಿರಸಿಗೆ ರೈಲಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಸುಮಾರು 60 ಕಿಲೋಮೀಟರ್. ಕಾರವಾರದಿಂದಾದರೆ ಒಂದೇ ದಿನಕ್ಕೆ ಹೋಗಿ ಬರುವುದು ದಣಿವು, ಶನಿವಾರವೇ ಹೊರಟು ನೆಂಟರ ಮನೆಯಲ್ಲಿ ಉಳಿಯುವುದು ಮೇಲು. ಅಗಲೀಕರಣದ ಕಾಮಗಾರಿಯಿಂದ ಮಳೆಗಾಲದಲ್ಲಿ ಆ ಘಟ್ಟದ ಸಂಚಾರ ನಿಲ್ಲಿಸಿದ್ದುಂಟು, ಹೊರಡುವ ಮುನ್ನ ವಿಚಾರಿಸಿ. ಖರ್ಚಿನ ಮಾತು ಹೇಳುವುದಾದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಎಷ್ಟೋ ಗೆಳತಿಯರ ಗುಂಪುಗಳು ಈಗ ಬೆಳಗಿನ ಬಸ್ಸಿಗೆ ಬನವಾಸಿಗೆ ಹೋಗಿ ಸಂಜೆಗೆ ಮರಳುತ್ತವೆ, ಇದು ನನಗೆ ಬಹಳ ಸಂತೋಷದ ಸಂಗತಿ.

ರೆಡ್ ಅಲರ್ಟ್ ಇರುವ ರವಿವಾರ ಎಲ್ಲಿಗೂ ಬೇಡ. ಜಲಪಾತವೂ ಬೇಡ, ಘಟ್ಟವೂ ಬೇಡ, ಕಡಲತೀರವಂತೂ ಬೇಡವೇ ಬೇಡ. ಬೆಳಿಗ್ಗೆ ಒಮ್ಮೆ ಜಿಲ್ಲಾಡಳಿತದ ಸೂಚನೆ ನೋಡಿ, ಸಂಜೆ ಇನ್ನೊಮ್ಮೆ ನೋಡಿ. ನಡುವೆ ಅದೇ ಗುಡ್ಡ ಕುಸಿಯುವ ಹಳೆ ವಿಡಿಯೊಗಳನ್ನು ತಿರುಗಿಸಿ ನೋಡಿದರೆ ಹೊಸದೇನೂ ತಿಳಿಯುವುದಿಲ್ಲ. ಹಲಸಿನ ಹಪ್ಪಳ ಸುಡಿ, ಕಷಾಯ ಕಾಯಿಸಿ, ಒಂದೆಲಗದ ತಂಬುಳಿ, ಅಪ್ಪೆಹುಳಿ ಮಾಡಿ ಉಣ್ಣಿ. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯಿದ್ದರೆ ಅವರನ್ನೂ ಕರೆಯಿರಿ, ಟಿವಿಯ ಮುಂದೆ ಒಂಟಿಯಾಗಿ ಕೂತು ಹೆದರುವವರಲ್ಲಿ ವಯಸ್ಸಾದವರೇ ಹೆಚ್ಚು.

ಶಿರಸಿ ಕಡೆ ಹೋದ ಕರಾವಳಿಯವರು ಸಂಜೆ ನಾಲ್ಕೂವರೆ, ಐದರೊಳಗೆ ಹೊರಡಿ. ದೇವಿಮನೆಯಲ್ಲಿ ಕತ್ತಲೆಗೆ ಮಂಜೂ ಸೇರಿದರೆ ಎದುರಿನ ಲಾರಿ ಕಾಣುವುದಿಲ್ಲ, ದಿನವಿಡೀ ಸಡಿಲಾಗಿದ್ದ ಭುಜ ಕುಮಟಾ ತಲುಪುವುದರೊಳಗೆ ಮತ್ತೆ ಬಿಗಿದಿರುತ್ತದೆ. ಗಾಡಿ ಓಡಿಸುವವರು ಸಂಜೆಯ ಸುದ್ದಿಯನ್ನು ಮನೆ ತಲುಪಿದ ಮೇಲೆ ನೋಡಲಿ, ಪಕ್ಕದಲ್ಲಿ ಕೂತವರು ಓದಿ ಹೇಳುವುದೂ ಬೇಡ.